ಕೊಕ್ಕೆಯಿಲ್ಲದ ತಂಗಿ

ಬಹಳ ಹಿಂದೆ, ಹೊಳೆಯ ನೀರಿನೊಳಗೆ ಒಂದು ರಾಜ್ಯ ತೇಲುತ್ತಿತ್ತು. ಎಷ್ಟು ಚಿಕ್ಕದೆಂದರೆ, ಸಾಸಿವೆ ಕಾಳಿನ ಮೇಲೆ ಅಂಥ ಸಾವಿರ ರಾಜ್ಯ ಕೂರಬಹುದಿತ್ತು. ಅದಕ್ಕೆ ಕಲ್ಲಿನ ಕೋಟೆಯಿಲ್ಲ, ಹಾಲಿನ ಕೆನೆಯಂಥ ಗೋಡೆ. ಗೋಡೆಯಾಚೆ ಒಂದು ಮಾಯದ ಕೂದಲು ಬೀಸುತ್ತಿತ್ತು. ಅದು ಬೀಸಿದರೆ ಹೊಸ ನೀರು. ಹೊಸ ನೀರಿದ್ದರೆ ಎಲ್ಲರಿಗೂ ಅನ್ನ, ಉಸಿರು.

ಹಳೆಯ ಕೂದಲು ಕರಗಿದಾಗಲೆಲ್ಲ ಹೊಸದನ್ನು ಎಬ್ಬಿಸುವವಳು ಹೊನ್ನಾಜಿ. ಹೆಗಲಿನ ಕೊಕ್ಕೆಗಳನ್ನು ಗೋಡೆಗೆ ಸಿಕ್ಕಿಸಿ ಕೂರುವಳು. ಅವಳ ನೆತ್ತಿಯಿಂದ ಒಂಬತ್ತು ಜೋಡಿ ಕಂಬ ಏಳುವುವು, ಅವೆಲ್ಲ ಸೇರಿದ್ದೇ ಆ ಕೂದಲು. ಹಮಾಲರು ಇಟ್ಟಿಗೆ ಹೊತ್ತು ಏರುವರು, ತುದಿಯಲ್ಲಿ ಇಡುವರು, ಬರಿಗೈಯಲ್ಲಿ ಇಳಿಯುವರು. ಅಷ್ಟು ಮೇಲೆ ಇಟ್ಟಿಗೆ ಹುಟ್ಟುವುದಿಲ್ಲವಲ್ಲ! ಕೂದಲು ಬೆಳೆದಾಗ ರಾಜ ಹೊನ್ನಾಜಿಗೆ ಮುತ್ತಿನ ಹಾರ ಹಾಕುವನು.

ಪಕ್ಕದಲ್ಲಿ ತಂಗಿ ನೀಲಾಜಿ ನಿಂತಿರುವಳು. ಅದೇ ಮುಖ, ಅದೇ ಮೈಕಟ್ಟು. ಹೆಗಲು ಮಾತ್ರ ನುಣ್ಣಗೆ. ಒಂದು ದಿನ ಆಸೆಯಿಂದ ಅಕ್ಕನ ಕೊಕ್ಕೆಗೆ ಕೈ ಚಾಚಿದಳು.

"ಮುಟ್ಟಬೇಡ ಕಣೇ, ಬಾಗಿಬಿಡುತ್ತೆ" ಎಂದಳು ಅಕ್ಕ.

ನೀಲಾಜಿಯ ಹೊಟ್ಟೆಗೆ ಬೆಂಕಿ ಬಿತ್ತು. ಅಕ್ಕನ ಹಾರ ಕಂಡರೆ ಉರಿ, ಅಕ್ಕನ ನಗು ಕಂಡರೆ ಉರಿ, ಅಕ್ಕ ಪ್ರೀತಿಯಿಂದ ತುತ್ತು ಕೊಟ್ಟರೂ ಉರಿ. ಕೊನೆಗೆ ಮುಚ್ಚಳಮಾಯಿ ಎಂಬ ಮಾಟಗಾತಿಯ ಬಳಿ ಹೋದಳು.

"ಏನು ಬೇಕು ಮಗಳೇ, ಕೊಕ್ಕೆಯೇ?"

"ನನಗೆ ಬರದಿದ್ದರೂ ಸರಿ. ಅವಳು ಕೂದಲು ಎಬ್ಬಿಸಬಾರದು."

ನೋಡಿ, ಹೊಟ್ಟೆಕಿಚ್ಚಿನ ಬುದ್ಧಿ ಎಂಥದ್ದು! ರಾಜ್ಯದ ಉಸಿರು ಕಟ್ಟಿದರೆ ಸಿಂಹಾಸನ ತನ್ನದಾಗುತ್ತದೆಂದು ಮಾಯಿ ಒಳಗೊಳಗೇ ಹಿಗ್ಗಿದಳು. ಒಂದು ಮುಚ್ಚಳ ಕೊಟ್ಟು, "ಇದನ್ನು ನೆತ್ತಿಗೆ ಮುಚ್ಚು. ಮುಚ್ಚಿದ ಕೈಯೇ ತೆಗೆಯಬೇಕು, ಬೇರೆಯವರಿಂದ ಆಗದು" ಎಂದಳು. ಮಧ್ಯಾಹ್ನ ಅಕ್ಕ ನಿದ್ದೆಹೋದಾಗ ನೀಲಾಜಿ ಮುಚ್ಚಿಯೇಬಿಟ್ಟಳು.

ಹಳೆಯ ಕೂದಲು ಕರಗಿತು. ಹೊನ್ನಾಜಿಯ ನೆತ್ತಿಯಿಂದ ಒಂದು ಕಂಬವೂ ಏಳಲಿಲ್ಲ. ಕಣ್ಣಿನವರೆಗೆ ಇಳಿದಿದ್ದ ಮುಚ್ಚಳ ಯಾರು ಎಳೆದರೂ ಬರಲಿಲ್ಲ.

"ನಾನು ಎಬ್ಬಿಸುತ್ತೇನೆ ಪ್ರಭು!" ಎಂದು ನೀಲಾಜಿ ಮುಂದೆ ಬಂದಳು.

ಮೊದಲ ಸಲ ಗೋಡೆಗೆ ಒರಗಿದಳು, ಜಾರಿ ಬಿದ್ದಳು. ಎರಡನೆಯ ಸಲ ಹಗ್ಗದಿಂದ ಕಟ್ಟಿಸಿಕೊಂಡಳು. ಕಂಬಗಳು ಸೊಟ್ಟಗೆ ಎದ್ದು ಕುಸಿದವು. ಮೂರನೆಯ ಸಲ ಕಂಬ ಹೇಗೋ ನಿಂತಿತು, ಹಮಾಲರೇ ಏರಲಿಲ್ಲ.

"ಅಮ್ಮಣ್ಣಿ, ಏರೋಕೆ ಮುಂಚೆ ನಾವು ಹೊರೆ ಇಳಿಸಿ ನಿಲ್ಲೋದೇ ಆ ಕೊಕ್ಕೆಗಳ ಮೇಲೆ. ನಿಮ್ಮ ಹತ್ತಿರ ಎಲ್ಲಿ ನಿಲ್ಲೋಣ?" ಎಂದ ಅವರ ಮುಖಂಡ. ಆ ಕಂಬವೂ ಉರುಳಿ ನೀಲಾಜಿಯ ಮೇಲೆಯೇ ಬಿತ್ತು.

ನೀರು ಹಳಸಿತು. ರಾಜ ಏದುಸಿರು ಬಿಟ್ಟ, ಕೂಸುಗಳು ಅಳುವುದನ್ನೂ ನಿಲ್ಲಿಸಿದವು. ಮುಚ್ಚಳದಡಿ ಕಣ್ಣು ಕಾಣದ ಹೊನ್ನಾಜಿ ಕೈ ತಡಕಾಡುತ್ತ, "ನೀಲೂ, ಬಿದ್ದೆಯಾ? ಪೆಟ್ಟಾಯ್ತೇನೇ?" ಎಂದಳು.

ನೀಲಾಜಿ ಅತ್ತಳು. ಆಗಲೂ ಹೊಟ್ಟೆಕಿಚ್ಚು ಆರಲಿಲ್ಲ. ಆರದಿದ್ದರೂ ಎದ್ದು ಹೋಗಿ ಮುಚ್ಚಳ ತೆಗೆದಳು.

"ನಾನೇ ಮುಚ್ಚಿದ್ದು ಅಕ್ಕಾ."

"ನನಗೂ ಕೊಕ್ಕೆ ಹುಟ್ಟುವಾಗಲೇ ಬರಲಿಲ್ಲ ಕಣೇ. ನಾನಿದನ್ನು ನಿನಗೆ ಮೊದಲೇ ಹೇಳಬೇಕಿತ್ತು" ಎಂದಳು ಅಕ್ಕ. ಕಂಬಗಳು ಎದ್ದವು, ಹಮಾಲರು ಏರಿದರು, ಕೂದಲು ಬೀಸಿತು. ಸಿಂಹಾಸನ ಹತ್ತಲು ಓಡಿಬಂದ ಮಾಯಿಯ ನೆತ್ತಿಗೆ ನೀಲಾಜಿ ಅದೇ ಮುಚ್ಚಳ ಒತ್ತಿದಳು. ಮಾಯಿ ನೊರೆಯಾಗಿ ಹೊಳೆಪಾಲಾದಳು, ಮುಚ್ಚಳವೂ ಕರಗಿಹೋಯಿತು.

ಕಾಲ ಕಳೆಯಿತು. ರಾಜ್ಯ ತುಂಬಿ ಎರಡಾಯಿತು. ಆ ಲೋಕದ ಪದ್ಧತಿಯೇ ಹಾಗೆ. ಒಂದರಲ್ಲಿ ಹೊನ್ನಾಜಿ ಉಳಿದಳು, ಇನ್ನೊಂದಕ್ಕೆ ನೀಲಾಜಿಯೇ ಹಿರಿಯಳಾದಳು. ಅಲ್ಲಿ ಒಂದು ಬೆಳಗ್ಗೆ ಅವಳ ಹೆಗಲು ತುರಿಸಿತು, ಕೊಕ್ಕೆಗಳು ಮೂಡಿದವು. ಪಕ್ಕದಲ್ಲಿ ಹೊಸದಾಗಿ ಹುಟ್ಟಿದ್ದ ಪುಟ್ಟ ತಂಗಿ ಅವನ್ನೇ ಉರಿಗಣ್ಣಿನಿಂದ ನೋಡುತ್ತಿದ್ದಳು. ಆ ನೋಟದ ಗುರುತು ನೀಲಾಜಿಗಿಂತ ಚೆನ್ನಾಗಿ ಯಾರಿಗಿದ್ದೀತು?

ಅವಳು ಹೆಗಲು ಬಗ್ಗಿಸಿದಳು. "ಬಾ, ಮುಟ್ಟಿ ನೋಡು. ಬಾಗಿದರೆ ಬಾಗಲಿ."

ಪುಟ್ಟ ಕೈ ಮುಟ್ಟಿತು. ಕೊಕ್ಕೆ ಬಾಗಲಿಲ್ಲ. ಎರಡೂ ರಾಜ್ಯಗಳಲ್ಲಿ ಹೊಸ ನೀರು ಹರಿಯಿತು, ಎಲ್ಲರೂ ಉಂಡು ಉಸಿರಾಡಿಕೊಂಡು ಸುಖವಾಗಿದ್ದರು.