ಯಾಗೊ ಕಾಯಿಗೆ ಕೊಟ್ಟ ಹೆಸರು

ನಂಬದವನಿಗೆ ತನ್ನ ಹೆಸರು ಹೇಳಲು ಏನು ಅಡ್ಡಿಯಾಗಿತ್ತು? ಒಗ್ವೆನೊ ದೋಣಿಯ ಅಂಚಿನಲ್ಲಿ ಕುಳಿತು ಮತ್ತೆ ಅದನ್ನೇ ಕೇಳಿಕೊಂಡ. ಕಾಯಿ ಬರೀ ಕಾಯಿ, ಮಣ್ಣು ಬರೀ ಮಣ್ಣು ಎಂದು ಮುದುಕಿಯ ಮುಖಕ್ಕೇ ನಕ್ಕವನು ಅವನು. ಆದರೆ ತನ್ನ ಹೆಸರು ಬರಬೇಕಾದ ಹೊತ್ತಿಗೆ ನಾಲಿಗೆ ಹಿಂದೆ ಸರಿಯಿತು. ಬಾಯಿಂದ ಬಂದದ್ದು ಬೇರೊಬ್ಬನ ಹೆಸರು. ತಮಾಷೆಗೆ ಅಂದೆ ಎಂದುಕೊಂಡರೆ, ತಮಾಷೆಗೆ ತನ್ನದನ್ನೇ ಹೇಳಬಹುದಿತ್ತಲ್ಲ?

ಮುದುಕಿಯ ಹೆಸರು ನ್ಯಾರ್ಸೆಮೆ. ಅವಳ ಅಪ್ಪ ಬಿಳಿಯರ ಕಾಲದ ಹಬೆ ಹಡಗಿನಲ್ಲಿ ಒಲೆಗೆ ಸೌದೆ ಹಾಕುವವನು. ಊರವರು ಈಗಲೂ ‘ಮೆಲಿ’, ಅಂದರೆ ಹಡಗು, ಎಂದಷ್ಟೇ ಕರೆಯುವ ಅದು ಹತ್ತಿಯ ಮೂಟೆಗಳನ್ನೂ ಜನರನ್ನೂ ಅವನನ್ನೂ ಹೊತ್ತು ಇದೇ ಸರೋವರದ ದಡದೆದುರು ಮುಳುಗಿತು. ಅಂದಿನಿಂದ ಅವಳು ನೀರಿನ ಅಂಚಿಗೆ ಇಳಿದವಳಲ್ಲ. ನೀರಿಗಿಳಿದು ಹಡಗಿನ ನಕ್ಷೆ ಬರೆಯಲು ಸಂಗ್ರಹಾಲಯದಿಂದ ಬಂದ ಒಗ್ವೆನೊನನ್ನು ಅವಳೇ ಇಳಿಜಾರಿನ ಮೇಲಿನ ಗೋರಿ ದಿಣ್ಣೆಗಳ ಬಳಿಗೆ ಕರೆಸಿಕೊಂಡಿದ್ದಳು. ಅವಳ ಒಪ್ಪಿಗೆಯಿಲ್ಲದೆ ಆ ದಡದಲ್ಲಿ ಯಾರೂ ದೋಣಿ ಕೊಡುವುದಿಲ್ಲ.

"ಈ ದಿಣ್ಣೆಗಳಲ್ಲಿ ಮಲಗಿರೋದು ಮನುಷ್ಯರಲ್ಲ ಮಗಾ, ಯಾಗೊ ಕಾಯಿ. ಮನುಷ್ಯರು ಅಲ್ಲಿದಾರೆ." ಅವಳು ಗಲ್ಲ ಎತ್ತಿ ಸರೋವರ ತೋರಿಸಿದಳು. "ಹೆಣ ಸಿಗಲಿಲ್ಲ. ಕಾಯಿಗೆ ಹೆಸರಿಟ್ಟು ಹೂತು ಅತ್ತೆವು. ನೀರಿಗೆ ಆಳು, ಮಣ್ಣಿಗೆ ಹೆಸರು. ಅಲ್ಲಿಗೆ ಸರಿಹೋಯ್ತು. ಈಗ ನೀನು ಹೆಸರು ಹೊತ್ಕೊಂಡೇ ಅವರ ನಡುವೆ ಇಳಿದ್ರೆ, ಇವನ್ಯಾವನು ಅಂತ ನೀರು ಕೇಳತ್ತೆ. ಅದಕ್ಕೆ ಮೊದಲೇ ಒಂದು ಕಾಯಿ ಹೂತು ಹೋಗು. ಸತ್ತವರಲ್ಲೊಬ್ಬ ಅನ್ಕೊಂಡು ಸುಮ್ಮನಿರತ್ತೆ."

"ಕುಂಬಳಕಾಯಿ ಹೂತ್ರೆ ಆಗಲ್ವಾ ಅಜ್ಜಿ? ಆಮೇಲೆ ತೆಗೆದು ಬೇಯಿಸಿಕೊಂಡಾದ್ರೂ ತಿನ್ನಬಹುದು."

"ನಗು, ನಗು. ಹಲ್ಲಿದಾವೆ, ನಗ್ತೀಯ. ಕೆಲಸ ಮುಗಿದ ದಿನ ಹೆಸರಿನವನೇ ಬಂದು ತನ್ನ ಕೈಯಾರೆ ಅಗೀಬೇಕು. ತನ್ನ ಹೆಸರು ತಾನೇ ಕರೆದು ತಾನೇ ಓಗೊಡಬೇಕು. ಬೇರೆಯವನು ಮುಟ್ಟಿದ್ರೆ ಅದು ಮಾಟ. ಹೇಳು, ಯಾರು ಮೊದಲು ಒಳಗೆ ಇಳಿಯೋದು? ಹೆಸರು?"

ಯಾಗೊ ಮರದ ತೋಳುದ್ದದ ಬೂದು ಕಾಯಿ ಗುಂಡಿಯಲ್ಲಿ ಮಗುವಿನಂತೆ ಮಲಗಿತ್ತು. ಒಗ್ವೆನೊ ಅದನ್ನೇ ನೋಡಿದ.

"ರಬಾಲ," ಎಂದ.

ರಬಾಲ ಅವನೊಂದಿಗೆ ನೀರಿಗಿಳಿಯುವ ಜೊತೆಗಾರ. ಅಂದು ಸಿಲಿಂಡರಿಗೆ ಗಾಳಿ ತುಂಬುವ ಯಂತ್ರದ ರಿಪೇರಿಗೆಂದು ಕಿಸುಮು ಪಟ್ಟಣಕ್ಕೆ ಹೋಗಿದ್ದ.

ಆಮೇಲೆ ಯಾವುದೂ ನೆಟ್ಟಗಾಗಲಿಲ್ಲ. ನೀರೊಳಗೆ ಕೈ ಕಂಡರೆ ಬೆರಳು ಕಾಣದು. ಕಾಲು ಆಡಿಸಿದರೆ ಕೆಸರು ಎದ್ದು ಹಡಗೇ ಮಾಯ. ಮೂತಿಯಿಂದ ಹಿಂಬದಿಗೆ ಹಿಡಿದ ಟೇಪು ನಿನ್ನೆ ಒಂದು ಅಳತೆ ಹೇಳಿದರೆ ಇಂದು ಇನ್ನೊಂದು. ಬರೆದ ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕ್ಯಾಮೆರಾದ ಗಾಜಿಗೆ ಒಳಗಿನಿಂದ ಯಾರೋ ಉಸಿರಿಟ್ಟಂತೆ ಮಂಜು ಕಟ್ಟುತ್ತಿತ್ತು. ಮೇಲೆ ಬಂದರೆ ರಾತ್ರೋರಾತ್ರಿ ತೇಲಿ ಬಂದ ಅಂತರಗಂಗೆ ದೋಣಿಯನ್ನು ಸುತ್ತಿಕೊಂಡಿರುತ್ತಿತ್ತು. ಕೊಳೆತ ಬೇರು, ಡೀಸೆಲ್ಲು, ದಡದಲ್ಲಿ ಒಣಗುವ ಓಮೆನಾ ಮೀನು, ಎಲ್ಲದರ ನಾತ ಸೇರಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ಒಗ್ವೆನೊ ಹಲ್ಲು ಕಚ್ಚಿಕೊಂಡು ಅಳಿಸಿ ಬರೆದ, ಮತ್ತೆ ಅಳಿಸಿದ.

"ನಿನ್ನ ಟೇಪಿಗೂ ನಮ್ಮ ಸೋದರಮಾವನಿಗೂ ಒಂದೇ ಗುಣ ಕಣೋ," ಎಂದು ರಬಾಲ ನಗುತ್ತಿದ್ದ. "ಕೇಳಿದಾಗೆಲ್ಲ ಬೇರೆ ಮಾತು. ಕಾಯಿ ಹೂತಿದೀಯ ತಾನೆ?"

"ಹೂಂ."

"ನಿನ್ನ ಹೆಸರಲ್ಲಿ?"

"ಹೂಂ ಅಂದ್ನಲ್ಲ. ಟೇಪು ಹಿಡಿ."

"ಬೈಬೇಡ ಮಾರಾಯ. ನಮ್ಮವ್ವ ಆಗಿದ್ರೆ ಇಡೀ ಮರಾನೇ ಹೂತು ಕಳಿಸಿರೋಳು."

ಅಳೆಯಲು ಉಳಿದಿದ್ದದ್ದು ಇಂಜಿನ್ ಕೋಣೆ ಒಂದೇ. ಅಂದು ಬೆಳಗಿನ ಮುಳುಗು ಮುಗಿಸಿ ಮೇಲೆ ಬಂದ ರಬಾಲ ನಗಲಿಲ್ಲ. ಕಿವಿಯನ್ನು ಅಂಗೈಯಿಂದ ತಟ್ಟಿಕೊಂಡ.

"ಕೆಳಗೆ ನನ್ನ ಕರೆದ್ಯಾ?"

"ಬಾಯಲ್ಲಿ ಗಾಳಿ ನಳಿಗೆ ಕಚ್ಕೊಂಡು ಹೇಗೋ ಕರೆಯೋದು?"

"ಅದೇ ಮತ್ತೆ. ನಿನ್ನದೇ ದನಿ. ಇಂಜಿನ್ ಕೋಣೆಯಿಂದ. ಕರೆದ ಹಾಗೂ ಅಲ್ಲ..." ಅವನು ಮಾತು ಹುಡುಕಿದ. "ಯಾರಿಗೋ ನನ್ನ ಹೆಸರು ಹೇಳಿ ಪರಿಚಯ ಮಾಡಿಸೋ ಹಾಗೆ."

ಒಗ್ವೆನೊ ಇಳಿಜಾರಿನತ್ತ ತಿರುಗಿ ನೋಡಿದ.

ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ರಬಾಲ ಗಂಟುಮೂಟೆ ಕಟ್ಟುತ್ತಾನೆ, ಬಯ್ಯುತ್ತಾನೆ, ನಕ್ಷೆ ಹೀಗೇ ಹರುಕಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಯಾಕೆ ನನ್ನ ಹೆಸರು ಎಂದು ಕೇಳುತ್ತಾನೆ. ತಾನೇ ಹೋಗಿ ಕಾಯಿ ಕಿತ್ತು ಬಿಸಾಡಿದರಾಯಿತು, ಅಲ್ಲಿಗೆ ಮುಗಿಯಿತು ಎಂದುಕೊಂಡ.

"ನಾನು ಬರೋವರೆಗೂ ಇಳೀಬೇಡ," ಎಂದು ಹೇಳಿ ದಡಕ್ಕೆ ಹಾರಿದ.

ನಡು ಮಧ್ಯಾಹ್ನ. ಇಳಿಜಾರಿನ ಹುಲ್ಲು ಒಣಗಿ ಕರಕರ ಎನ್ನುತ್ತಿತ್ತು. ಮುದುಕಿಯ ಗುಡಿಸಲ ಬಾಗಿಲು ಮುಚ್ಚಿತ್ತು. ಒಗ್ವೆನೊ ಮಂಡಿಯೂರಿ ಕೈಯಿಂದಲೇ ಬಗೆದ. ಮೇಲಿನ ಮಣ್ಣು ಧೂಳು. ಗೇಣು ಕೆಳಗೆ ಒದ್ದೆ. ಇನ್ನೂ ಕೆಳಗೆ ಕಪ್ಪು ರಾಡಿ. ಆ ವಾಸನೆ ಅವನಿಗೆ ಗೊತ್ತಿತ್ತು. ತುಕ್ಕು, ಕೊಳೆತ ಹತ್ತಿ. ಹಡಗಿನ ಒಳಗಿನ ವಾಸನೆ.

ಬೆರಳಿಗೆ ಕಾಯಿ ತಗುಲಿತು. ಮೆತ್ತಗಿತ್ತು. ಎಳೆದರೆ ಬರಲಿಲ್ಲ. ಬಳಸಿ ಹಿಡಿದರೆ ಜಾರಿತು. ಏನಾದರೂ ಸರಿಯಾಗಿ ಆಗಬಾರದೆ ಈ ಊರಲ್ಲಿ! ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಕೊನೆಗೆ, ಯಾರಾದರೂ ನೋಡುತ್ತಾರೇನೋ ಎಂದು ಸುತ್ತ ನೋಡಿ, ಗುಂಡಿಯೊಳಕ್ಕೆ ಬಾಗಿ ಕೂಗಿದ.

"ರಬಾಲ!"

ಓಗೊಡಬೇಕಲ್ಲ. ತಾನೇ ಓಗೊಟ್ಟ.

"ಓ."

ಕಾಯಿ ಅವನ ಕೈಯಲ್ಲೇ ಒಮ್ಮೆ ಹೊರಳಿತು. ಮಲಗಿದವನು ಮಗ್ಗುಲು ಬದಲಿಸಿದ ಹಾಗೆ. ಮರುಕ್ಷಣ ಒಳಗೆ ಇಳಿಯಿತು. ಕಲ್ಲು ನೀರಿಗೆ ಇಳಿಯುವಂತೆ, ಆ ಒಣ ದಿಣ್ಣೆಯೊಳಕ್ಕೆ, ಆಳಕ್ಕೆ. ಗುಂಡಿಯ ತಳದಿಂದ ಗುಳ್ಳೆಗಳು ಎದ್ದವು. ಒಂದರ ಹಿಂದೆ ಒಂದು. ಮುಳುಗುಗಾರನ ಉಸಿರಿನ ಗುಳ್ಳೆಗಳು.

ಅವನು ಎದ್ದು ಬಿದ್ದು ಓಡಿದ.

ದೋಣಿಯಲ್ಲಿ ಅದನ್ನು ನಡೆಸುವ ಹುಡುಗ ಒಂಗಾರೊ ಒಬ್ಬನೇ ಕುಳಿತು ಹುಟ್ಟಿಗೆ ಅಂಟಿದ ಬೇರು ಕೀಳುತ್ತಿದ್ದ. ಒಗ್ವೆನೊನನ್ನು ಕಂಡು ಅವನ ಕೈ ನಿಂತಿತು.

"ನೀನು... ನೀನು ಕೆಳಗಿಲ್ವಾ?"

"ರಬಾಲ ಎಲ್ಲಿ?"

"ಈಗ ತಾನೆ ಇಳಿದ ಅಣ್ಣಾ. ನೀರೊಳಗಿಂದ ನೀನು ಕೂಗಿದೆ ಅಂದ. ನನಗೂ ಕೇಳಿಸ್ತು. ನಿನ್ನದೇ ದನಿ."

ಒಗ್ವೆನೊ ಸಿಲಿಂಡರು ಬಿಗಿದುಕೊಂಡು ನೀರಿಗೆ ಬಿದ್ದ. ಹಸಿರು ನೀರು. ಕಂದು ನೀರು. ಕಪ್ಪು. ಹಗ್ಗ ಹಿಡಿದು ಇಳಿದ. ದೀಪದ ಬೆಳಕು ಮೊಳದಾಚೆ ಸಾಯುತ್ತಿತ್ತು. ಹಡಗಿನ ಮಗ್ಗುಲು ಕೈಗೆ ತಾಗಿತು. ಬಾಗಿಲು. ಮೆಟ್ಟಿಲು. ಕೋಣೆ. ಇಲ್ಲಿ ಕೆಸರು ಎದ್ದಿರಲಿಲ್ಲ. ಇಷ್ಟು ದಿನ ಒಮ್ಮೆಯೂ ಕಾಣದಷ್ಟು ತಿಳಿಯಾಗಿತ್ತು ನೀರು. ಪ್ರತಿ ಮೊಳೆ ಕಾಣುತ್ತಿತ್ತು. ಪ್ರತಿ ಕೊಳವೆ.

ಒಲೆಯ ಮುಂದೆ ರಬಾಲ.

ಕಣ್ಣುಗಳು ತೆರೆದಿದ್ದವು. ನಳಿಗೆ ಬಾಯಲ್ಲಿರಲಿಲ್ಲ. ಬಾಯಿ ಆಡುತ್ತಿತ್ತು. ಗುಂಡಗೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಓ. ಓ. ಯಾರಿಗೋ ಓಗೊಡುತ್ತಿದ್ದ. ಒಗ್ವೆನೊ ಅವನ ಮಣಿಕಟ್ಟು ಹಿಡಿದ. ಎಳೆದ. ಬರಲಿಲ್ಲ. ಒಲೆಯ ಬಾಯಿಂದ ಇನ್ನೊಂದು ಕೈ ಬಂತು. ಸೌದೆ ಹಿಡಿದು ಸವೆದ ಕೈ. ಅದು ರಬಾಲನ ಭುಜವನ್ನು ಮೆಲ್ಲಗೆ ಬಳಸಿತು. ಹೊಸಬನನ್ನು ಮನೆಯೊಳಗೆ ಕರೆದುಕೊಳ್ಳುವ ಹಾಗೆ. ಒಗ್ವೆನೊ ಎಳೆದ. ಕೈಗವಸು ಜಾರಿತು. ಬೆರಳು ಜಾರಿತು. ಕೆಸರು ಎದ್ದಿತು. ಕತ್ತಲು. ಎದೆ ಒಡೆಯಿತು. ಮೇಲೆ. ಮೇಲೆ. ಬೆಳಕು.

ಒಂಗಾರೊ ಕೂದಲು ಹಿಡಿದು ಅವನನ್ನು ದೋಣಿಗೆ ಎಳೆದುಕೊಂಡಾಗ ಕೈಯಲ್ಲಿ ರಬಾಲನ ಖಾಲಿ ಕೈಗವಸು ಇತ್ತು.

ಪಟ್ಟಣದಿಂದ ಬಂದವರು ಹಡಗನ್ನೆಲ್ಲ ಜಾಲಾಡಿದರು. ಇಂಜಿನ್ ಕೋಣೆ ಚಾವಣಿಯವರೆಗೂ ಕೆಸರು ತುಂಬಿ ಮುಚ್ಚಿದೆ, ಅದರೊಳಗೆ ಮೀನೂ ಹೋಗಲಾರದು ಎಂದರು. ಹೆಣ ಸಿಗಲಿಲ್ಲ.

ರಬಾಲನ ತಾಯಿ ಬಂದಳು. ಎತ್ತರದ ಹೆಂಗಸು, ಅತ್ತು ಅತ್ತು ದನಿ ಕಟ್ಟಿಹೋಗಿತ್ತು. ಹೊಸದೊಂದು ಯಾಗೊ ಕಾಯಿಯನ್ನು ಮಗನ ಅಂಗಿಯಲ್ಲಿ ಸುತ್ತಿ ಎದೆಗವಚಿಕೊಂಡು ತಾನೇ ಇಳಿಜಾರು ಹತ್ತಿದಳು. ಸತ್ತವನ ಹೆಸರು ಕಿವಿಗೆ ಬಿದ್ದಾಗ ನ್ಯಾರ್ಸೆಮೆ ಒಗ್ವೆನೊನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ನೆಲ ನೋಡಿದ. "ಈ ಹೆಸರಿಗೆ ಮಣ್ಣು ಆಗಲೇ ಬಾಯಿ ತೆರೆದಿದೆ," ಎಂದಷ್ಟೇ ಹೇಳಿ, ಅವನು ಬಗೆದಿದ್ದ ಗುಂಡಿಯನ್ನೇ ತೋರಿಸಿದಳು. ಅದು ಈಗ ಒಣಗಿತ್ತು.

ಅಲ್ಲಿಯ ಪದ್ಧತಿ ಹೀಗೆ: ಮಣ್ಣು ಮುಚ್ಚುವ ಮೊದಲು ತಾಯಿ ಮಗನ ಹೆಸರು ಹಿಡಿದು ಕರೆಯಬೇಕು. ಯಾರೂ ಓಗೊಡಬಾರದು. ಆ ಮೌನ ಬಂದ ಮೇಲೆಯೇ ಅವನು ಸತ್ತ ಹಾಗೆ. ಸೇರಿದವರೆಲ್ಲ ತುಟಿ ಬಿಗಿದು ನಿಂತರು.

"ರಬಾಲ," ತಾಯಿ ಕರೆದಳು. "ರಬಾಲ, ಮಗಾ."

"ಓ, ಅವ್ವಾ."

ಎಲ್ಲರೂ ತಿರುಗಿದರು. ಒಗ್ವೆನೊ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಹೇಳಿದ್ದು ಅವನಲ್ಲ. ಬಾಯಿ ಅವನದು.

ಜನ ಹಿಂದೆ ಸರಿದರು. ತಾಯಿ ಮಾತ್ರ ಹತ್ತಿರ ಬಂದು, ಮಣ್ಣಾದ ಕೈಯಿಂದ ಅವನ ಗಲ್ಲ ಹಿಡಿದಳು.

"ಗಾಳೀನ ಕರೀಬೇಕಲ್ಲ ಅಂತ ನನ್ನೆದೆ ಒಡೀತಿತ್ತು ಕಣಪ್ಪಾ. ನನ್ನ ಹೊಟ್ಟೆ ಉರಿ ನೋಡಲಾರದೆ ಓಗೊಟ್ಟೆ ನೀನು. ಅವನಿಗಿದ್ದಂಥ ಸ್ನೇಹಿತ ಯಾರಿಗಿದಾನೆ? ಇನ್ನು ನೀನೇ ನನ್ನ ಮಗ. ಆ ಹೆಸರಿಂದಲೇ ಕರೀಲಾ?"

ಅವನು ಆಗಲಿ ಎಂದು ತಲೆಯಾಡಿಸಿದ.

ಈಗ ಸಂಗ್ರಹಾಲಯದಲ್ಲಿ ಯಾರಾದರೂ ‘ಒಗ್ವೆನೊ’ ಎಂದು ಕರೆದರೆ ಅವನಿಗೆ ಕೇಳಿಸುವುದಿಲ್ಲ. ಭುಜ ಮುಟ್ಟಿ ಕರೆಯಬೇಕು. ಹಡಗಿನ ನಕ್ಷೆ ಗೋಡೆಯ ಮೇಲಿದೆ, ಇಂಜಿನ್ ಕೋಣೆಯ ಜಾಗ ಮಾತ್ರ ಬಿಳಿ. ಹಬ್ಬಕ್ಕೆ ಸಕ್ಕರೆ, ಚಹಾ ಪುಡಿ ಕಟ್ಟಿಕೊಂಡು ಆ ತಾಯಿಯ ಮನೆಗೆ ಹೋಗುತ್ತಾನೆ. ಅವಳು ಮೀನಿನ ಒಳ್ಳೆಯ ತುಂಡನ್ನು ಅವನಿಗೇ ಇಡುತ್ತಾಳೆ. ಊಟದ ನಡುವೆ ಸುಮ್ಮನೆ ‘ರಬಾಲ’ ಎನ್ನುತ್ತಾಳೆ. ಅವನ ಬಾಯಿ ಓ ಎನ್ನುತ್ತದೆ. ಅವಳಿಗೆ ಅಷ್ಟು ಸಾಕು.

ಅವಳ ಮಗ ಇನ್ನೂ ಬದುಕಿದ್ದಾಗ, ತನ್ನ ಹೆಸರು ಹೇಳಲು ಹೆದರಿ ಅವನ ಹೆಸರನ್ನು ಆ ಮಣ್ಣಿಗೆ ಕೊಟ್ಟವನು ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.