ತಣ್ಣಗಾಗದ ರಾಶಿ

ಶಿವಪುತ್ರಪ್ಪ ಅಂಬಾಳ ಬದುಕಿನೊಳಗೆ ಬಂದು ಮಾಡಿದ ಮೊದಲ ಕೆಲಸವೆಂದರೆ, ಅವಳ ಸೊಂಟದ ಮೇಲಿದ್ದ ತಾಮ್ರದ ಕೊಡ ಕಸಿದುಕೊಂಡದ್ದು.

ಶ್ರಾವಣದ ಮುಂಜಾನೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಸ್ವಾರಗೇಟದ ಆಚೆ, ಸಾಸವಡದ ದಾರಿಗೆ ಹತ್ತಿದ ಬಂಗಲೆಯ ಹಿತ್ತಲಲ್ಲಿ ಮಾಲಿ ಕಾಡಪ್ಪ ಬೇಲಿ ಕತ್ತರಿಸಿದ ಹಸಿ ಟೊಂಗೆ, ಕಿತ್ತ ಹುಲ್ಲು, ಬಿದ್ದ ಎಲೆ ಎಲ್ಲವನ್ನೂ ಗುಡ್ಡೆ ಹಾಕಿ, ಮೇಲಿಷ್ಟು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದ. ಅಂಬಾ ಬಾವಿಯಿಂದ ನೀರು ತರುತ್ತಿದ್ದಳು. ಹಿಂದಿನ ಗೇಟಿನಿಂದ ಒಬ್ಬ ತೆಳ್ಳನೆಯ ಯುವಕ ಓಡಿ ಬಂದ. ಅವನ ಕರಿ ಟೋಪಿ ಕಿವಿಗೆ ಜಾರಿತ್ತು. ಹಾಂ ಹೂಂ ಅನ್ನುವಷ್ಟರಲ್ಲಿ ಕೊಡ ಎಳೆದುಕೊಂಡು ಬೆಂಕಿಯ ಮೇಲೆ ಬೋರಲು ಹಾಕಿಬಿಟ್ಟ.

"ಏನ್ರೀ ಇದು? ಕುಡಿಯೂ ನೀರದು!"

"ಸುಡಬ್ಯಾಡ್ರಿ," ಅವನು ಏದುಸಿರು ಬಿಡುತ್ತಿದ್ದ. "ಹಸಿ ಎಲಿ ಸುಡೂದಂದ್ರ ಮಣ್ಣಿನ ಬಾಯಾಗಿನ ತುತ್ತು ಕಸಗೊಂಡಂಗ್ರಿ."

"ಮಣ್ಣಿನ ತುತ್ತು ಇರಲಿ. ನನ್ನ ಕೊಡ ಕಸಗೊಂಡೀರಲ್ಲ, ಅದಕ್ಕೇನಂತೀರಿ?"

ಆಗಷ್ಟೇ ಅವನು ತನ್ನ ಕೈಯಲ್ಲಿದ್ದ ಕೊಡವನ್ನು ನೋಡಿದ. ಕಿವಿಗಳು ಕೆಂಪಾದವು. ಬಾವಿಗೆ ಹೋಗಿ ನೀರು ಸೇದಿ, ಕಂಠದ ತನಕ ತುಂಬಿ ತಂದುಕೊಟ್ಟ. ತುಳುಕಿದ ನೀರಿಗೆ ಅಂಬಾಳ ಸೆರಗು ಪೂರಾ ತೊಯ್ದುಹೋಯಿತು. ಅವಳು ಸಿಟ್ಟು ಮಾಡಬೇಕೆಂದಿದ್ದಳು, ನಗು ಬಂದುಬಿಟ್ಟಿತು. ನಗುವನ್ನು ಮುಚ್ಚಿಡಲು ಒಳಗೆ ಓಡಿದಳು.

ಆತ ಗೋಕಾಕದ ಕಡೆಯವನು, ಶೇತಕಿ ಕಾಲೇಜಿನಲ್ಲಿ ಒಕ್ಕಲುತನ ಕಲಿತವನು. ಇಂದೂರಿನ ಕಡೆಯಿಂದ ಬಂದಿದ್ದ ಹೊಸ ಪದ್ಧತಿಯಲ್ಲಿ ತೋಟದ ಕಸವನ್ನು ಗೊಬ್ಬರ ಮಾಡಿ ತೋರಿಸಲು ತೋಟಗಾರರ ಸಂಘವೊಂದು ಅವನನ್ನು ಮನೆಮನೆಗೆ ಕಳಿಸುತ್ತಿತ್ತು. ಅಂಬಾಳ ತಂದೆ ರಾಮಲಿಂಗಪ್ಪ ಆ ಸಂಘದ ಸದಸ್ಯರು. ಬೆಳಗಾವಿಯಿಂದ ಈ ಮರಾಠಿ ಸೀಮೆಗೆ ಬಂದು, ಕಾರಕೂನಿಕೆ ಮಾಡಿ, ಪಿಂಚಣಿಯಾದ ಮೇಲೆ ಗುಲಾಬಿಯ ಹುಚ್ಚು ಹಿಡಿಸಿಕೊಂಡಿದ್ದರು. ಆದರೆ ಹಿತ್ತಲದ್ದು ಬರೀ ಗರಸು ಮಣ್ಣು. ಗಿಡಗಳು ಮುಳ್ಳನ್ನೇನೋ ಧಾರಾಳವಾಗಿ ಬಿಡುತ್ತಿದ್ದವು, ಹೂವಿಗೆ ಮಾತ್ರ ಜಿಪುಣತನ.

ರಾಮಲಿಂಗಪ್ಪನವರಿಗೆ ಇನ್ನೊಂದು ಹುಚ್ಚಿತ್ತು, ಮಾತಿನದು. ಒಮ್ಮೆ ಗೌಳಿಯೊಬ್ಬನಿಗೆ, "ವರ್ಷಪೂರ್ತಿ ನಿನ್ನ ಕಡೆನ ಹಾಲು ತಗೋತೀನಿ" ಎಂದುಬಿಟ್ಟಿದ್ದರು. ಅವನು ಎರಡನೆಯ ದಿನದಿಂದಲೇ ನೀರು ಬೆರೆಸತೊಡಗಿದ. ಮನೆಯವರೆಲ್ಲ ಬಡಕೊಂಡರೂ ವರ್ಷ ಮುಗಿಯುವ ತನಕ ಆ ನೀರನ್ನೇ ಕುಡಿದರು. ಆಡಿದ ಮಾತಿಗೆ ಅಷ್ಟು ಕಟ್ಟುಬಿದ್ದ ಮನುಷ್ಯ.

ಅವರು ಅಂದು ಆರಿದ ಬೆಂಕಿಯ ಮುಂದೆ ಕೋಲೂರಿ ನಿಂತು ಕೇಳಿದರು: "ಮಾಸ್ತರ್, ಈ ಕಸ ಗೊಬ್ಬರ ಆಗೂದು ಖರೇನ?"

"ದೀಪಾವಳಿ ಹೊತ್ತಿಗೆ ಆಗತದ್ರಿ."

"ಆತು. ದೀಪಾವಳಿಗೆ ನೀವು ಹೇಳಿದಂಗ ಆದ್ರ, ನೀವು ಕೇಳಿದ್ದು ಕೊಡತೀನಿ. ಇದು ನನ್ನ ಮಾತು."

ಶಿವಪುತ್ರಪ್ಪನ ಕಣ್ಣು ಒಂದು ಗಳಿಗೆ ಅಡುಗೆಮನೆಯ ಕಿಟಕಿಯ ಕಡೆ ಹೋಗಿ ಬಂತು. ಕೇಳುವುದೇನೆಂದು ಆಗಲೇ ಗೊತ್ತಾದಂತೆ ತಲೆ ಬಾಗಿಸಿದ. ಅಂಬಾ ಒಳಗೆ ತೊಯ್ದ ಸೀರೆ ಬದಲಿಸುತ್ತಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ರಾಶಿ ಕಟ್ಟುವುದನ್ನು ನೋಡಲು ಅಂಬಾಳಿಗೆ ದಿನಕ್ಕೊಂದು ನೆವ ಸಿಗುತ್ತಿತ್ತು. ಹಸಿ ಎಲೆಯ ಒಂದು ಪದರು, ಒಣಗಿದ್ದು ಒಂದು ಪದರು, ಮೇಲೆ ಸೆಗಣಿ ನೀರು, ಒಂದು ಹಿಡಿ ಒಲೆಯ ಬೂದಿ. ಲಿಂಗಪೂಜೆಯ ಪತ್ರಿ, ಹೂವನ್ನು ಅಜ್ಜಿ ರುದ್ರವ್ವ ಯಾರೂ ತುಳಿಯದ ಕಡೆ ಹಾಕಿಸುತ್ತಿದ್ದಳು. "ಇಲ್ಲೇ ಕೊಡ್ರಿ ಆಯಿ, ಇದನ್ನೂ ಯಾರೂ ತುಳಿಯಂಗಿಲ್ಲ" ಎಂದು ಅವನು ಎರಡೂ ಕೈಯೊಡ್ಡಿ ಇಸಿದುಕೊಂಡ. ಮುದುಕಿ ಅಲ್ಲಿಗೇ ಕರಗಿಹೋದಳು.

ರಾಶಿಯ ನಡುವೆ ಅವನೊಂದು ಕಬ್ಬಿಣದ ಸರಳು ಚುಚ್ಚಿಟ್ಟಿದ್ದ. ಕೆಲವು ದಿನ ಬಿಟ್ಟು ಅದನ್ನು ಎಳೆದು, ತುದಿಯನ್ನು ಅಂಬಾಳ ಕಡೆ ಚಾಚಿದ.

"ಮುಟ್ಟಿ ನೋಡ್ರಿ."

ಮುಟ್ಟಿದಳು. ಚುರ್ ಎಂದಿತು. "ಅಯ್ಯ! ಒಳಗ ಬೆಂಕಿ ಇಲ್ಲ, ಬಿಸಿ ಎಲ್ಲಿಂದ ಬಂತು?"

"ಹಸಿ ಎಲಿ ಒಂದಕ್ಕೊಂದು ಒತ್ತಿ ಕೂತ್ರ ಬಿಸಿ ತಾನ ಹುಟ್ಟತದ್ರಿ. ಹೊರಗ ನಿಂತವರಿಗೆ ಕಾಣಂಗಿಲ್ಲ."

"ಹಂಗಾರ ಗೊತ್ತಾಗೂದು ಹ್ಯಾಂಗ?"

"ಮುಟ್ಟಿದವರಿಗೆ ಗೊತ್ತಾಗತದ."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ಹೊಳೆದಿರಬೇಕು. ಕಿವಿ ಮತ್ತೆ ಕೆಂಪಾದವು. ಅಂಬಾ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ರಾಶಿಯನ್ನೇ ನೋಡುತ್ತ ನಿಂತರು, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಗೊಬ್ಬರದ ಮಾಸ್ತರ್ರ, ಇನ್ನ ಎಷ್ಟ ದಿವಸ ಬರ್ತೀರಿ?" ಕೊನೆಗೆ ಅವಳೇ ಕೇಳಿದಳು. ಹಗುರವಾಗಿ ಕೇಳಿದೆನೆಂದುಕೊಂಡಳು, ದನಿ ಹಗುರವಾಗಿರಲಿಲ್ಲ.

"ಸರಳು ಬಿಸಿ ಇರೂ ತನಕ. ಅದು ತಣ್ಣಗಾತಂದ್ರ ಗೊಬ್ಬರ ಆತಂತ. ನನ್ನ ಬರೂದು ಮುಗೀತು."

ಇನ್ನೊಂದು ಮಾತು ಅವನ ತುಟಿಯ ತನಕ ಬಂದದ್ದನ್ನು ಅವಳು ಕಂಡಳು. ಆದರೆ ಹಿರಿಯರನ್ನು ಕೇಳದೆ ಹುಡುಗಿಗೆ ಆಸೆ ಹಚ್ಚುವ ಜಾತಿಯವನಲ್ಲ ಅವನು. ಆ ಮಾತನ್ನು ದೀಪಾವಳಿಗೆಂದು ಎತ್ತಿಟ್ಟು, ಟೋಪಿ ಸರಿಮಾಡಿಕೊಂಡು ಹೊರಟುಹೋದ. ಅಂಬಾಳ ಎದೆಯಲ್ಲಿ ಉಳಿದದ್ದು ಒಂದೇ, ರಾಶಿ ತಣ್ಣಗಾದರೆ ಇವನು ಬರುವುದಿಲ್ಲ.

ಹಾಗಾದರೆ ರಾಶಿ ತಣ್ಣಗಾಗಬಾರದು.

ಹಸಿ ಎಲೆ ಬಿದ್ದರೆ ಬಿಸಿ ಹುಟ್ಟುತ್ತದೆಂದು ಅವನೇ ಕಲಿಸಿದ್ದ. ಕಲಿತದ್ದನ್ನು ಅಂಬಾ ಚೆನ್ನಾಗಿಯೇ ಉಪಯೋಗಿಸಿದಳು. ಅವನು ಬಂದು ಹೋದ ಮೇಲೆ ಕೋಲಿನಿಂದ ರಾಶಿಯಲ್ಲಿ ತೂತು ಮಾಡಿ ಒಳಗೆ ಹಸಿರು ತುರುಕುವಳು. ಬೇಲಿಯ ಚಿಗುರು ಸಾಲದಾದಾಗ ಅಡುಗೆಮನೆಯಲ್ಲಿ ದಿನವೂ ಸೊಪ್ಪು ಬೇಯತೊಡಗಿತು. ಇಂದು ಮೆಂತೆ, ನಾಳೆ ರಾಜಗಿರಿ, ನಾಡಿದ್ದು ಪುಂಡಿ. ಎಲೆ ಪಾತ್ರೆಗೆ, ದಂಟು ರಾಶಿಗೆ.

"ಮತ್ತ ಪಲ್ಯೇನ?" ರಾಮಲಿಂಗಪ್ಪ ತಾಟಿನ ಮುಂದೆ ಕೂತು ನಿಟ್ಟುಸಿರು ಬಿಟ್ಟರು. "ಅಂಬವ್ವಾ, ನಾವು ಮನಶ್ಯಾರು ಇದ್ದೀವೋ, ದನಗಳು ಇದ್ದೀವೋ?"

"ಮೈಗೆ ಛಲೋ ಅಪ್ಪಾ."

ಭಾದ್ರಪದ ಕಳೆಯಿತು. ಶಿವಪುತ್ರಪ್ಪ ಬಂದಾಗಲೆಲ್ಲ ಸರಳು ಎಳೆದು ಹುಬ್ಬು ಗಂಟಿಕ್ಕುವನು. "ಯಾಕ ಆರವಲ್ಲದಿದು? ಬ್ಯಾರೆ ಮನೀವೆಲ್ಲಾ ಆರಿದುವು." ಸಲಿಕೆ ಹಿಡಿದು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಗುಚುವನು. ಬೆವರು ಒರೆಸಿಕೊಳ್ಳಲು ಅವನು ತಲೆಯೆತ್ತಿದಾಗ ಮಜ್ಜಿಗೆ ಹಿಡಿದು ಅಂಬಾ ನಿಂತಿರುವಳು. ಲೋಟ ಕೊಡುವಾಗ ಬೆರಳು ತಾಗದಂತೆ ಇಬ್ಬರೂ ಜಾಗ್ರತೆ ವಹಿಸುವರು. ಅವನ ಚಿಂತೆ ನೋಡಿದಾಗ ಅವಳಿಗೆ ಪಾಪ ಅನಿಸುತ್ತಿತ್ತು, ಆದರೆ ಸುಖವೂ ಆಗುತ್ತಿತ್ತು. ಒಂದು ರಾಶಿ ಕೆಟ್ಟರೆ ಯಾರ ಮನೆ ಮುಳುಗೀತು!

ದಸರೆಗೆ ಅವನು ಬನ್ನಿ ಕೊಡಲು ಬಂದ. ಹಿರಿಯರಿಗೆ ಕೊಟ್ಟು ನಮಸ್ಕರಿಸಿ, ಕೊನೆಗೆ ಅಂಬಾಳ ಅಂಗೈಯಲ್ಲಿ ಎಲೆಗಳನ್ನಿಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಎಲ್ಲರೂ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ. ಆದರೆ ಎಲ್ಲರೂ ಅಷ್ಟು ಮೆಲ್ಲಗೆ ಹೇಳುವುದಿಲ್ಲ. ಅವನ ಎಲೆಗಳನ್ನು ಅವಳು ಕುಪ್ಪಸದಲ್ಲಿ ಇಟ್ಟುಕೊಂಡಳು. ನೆರೆಹೊರೆಯವರು ಕೊಟ್ಟುಹೋದ ಬುಟ್ಟಿಗಟ್ಟಲೆ ಬನ್ನಿಯನ್ನು ಮರುದಿನ ರಾಶಿಯ ಹೊಟ್ಟೆಯೊಳಗೆ ತುರುಕಿದಳು.

ಅದೇ ವಾರ ಸೊಲ್ಲಾಪುರದಿಂದ ಅರಿವೆ ಅಂಗಡಿಯವರು ಅಂಬಾಳನ್ನು ನೋಡಿಕೊಂಡು ಹೋದರು. "ಹಬ್ಬ ಆದ ಮ್ಯಾಲೆ ಹೇಳತೀನಿ" ಎಂದು ರಾಮಲಿಂಗಪ್ಪ ಕಳಿಸಿದರು. ಅಂಬಾ ತಲೆಗೆ ಹಚ್ಚಿಕೊಳ್ಳಲಿಲ್ಲ. ಹಿಂದೆಯೂ ಯಾರ್‍ಯಾರೋ ಬಂದು ಅವಲಕ್ಕಿ ತಿಂದು ಹೋಗಿದ್ದರು.

ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ರಾಮಲಿಂಗಪ್ಪ ಕೋಲೂರಿಕೊಂಡು ಹಿತ್ತಲಿಗೆ ಬಂದರು. ಶಿವಪುತ್ರಪ್ಪ ಹೊಸ ಅಂಗಿ ಹಾಕಿಕೊಂಡು, ಆದರೆ ಬಾಡಿದ ಮುಖದಲ್ಲಿ ಅಲ್ಲಿ ನಿಂತಿದ್ದ. ಅವರು ಸರಳನ್ನು ತಾವೇ ಎಳೆದರು. ಹಿಡಿದ ಕೈ ಕೊಡವಿಕೊಂಡು ಕೆಳಗೆ ಬಿಟ್ಟರು.

"ಮಾಸ್ತರ್, ಇನ್ನೂ ಒಲಿ ಉರೀಲಿಕತ್ತದಲ್ರೀ!" ಎಂದು ನಕ್ಕರು.

"ನನ್ನ ಲೆಕ್ಕ ತಪ್ಪಿತ್ರಿ," ಅಂದ ಅವನು.

ಕಿಟಕಿಯಲ್ಲಿ ನಿಂತ ಅಂಬಾ ಇದನ್ನೆಲ್ಲ ಕಂಡಳು. ಸರಳು ಬಿಸಿಯಿತ್ತು, ಅಂದರೆ ಅವನು ಮುಂದಿನ ವಾರವೂ ಬರುತ್ತಾನೆ. ಅಯ್ಯೋ, ಅವಳು ಖುಷಿಪಟ್ಟಳು. ಕರದಂಟಿನ ತಾಟು ಕೈಯಲ್ಲಿ ಹಿಡಿದು ಒಬ್ಬಳೇ ನಕ್ಕಳು.

ಪಾಡ್ಯದ ದಿನ ಸೊಲ್ಲಾಪುರದವರು ಮತ್ತೆ ಬಂದರು. ಆ ಕಾಲದಲ್ಲಿ ಹುಡುಗಿಯನ್ನು ಕೇಳುವ ರೂಢಿ ಇರಲಿಲ್ಲ. ರಾಮಲಿಂಗಪ್ಪ ಮಾತು ಕೊಟ್ಟರು. ಬಂದ ಹೆಂಗಸರು ಅಂಬಾಳ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿದರು. ಉಡಿಯಲ್ಲಿ ಬಿದ್ದ ಕೊಬ್ಬರಿ ಬಟ್ಟಲು ಅವಳಿಗೆ ಬಂಡೆಗಲ್ಲಿನಷ್ಟು ಭಾರವೆನಿಸಿತು.

ಸುದ್ದಿ ಕೇಳಿಕೊಂಡೇ ಶಿವಪುತ್ರಪ್ಪ ಕೊನೆಯ ಸಲ ಬಂದ. ಜಳಗಾಂವದ ಕಡೆ ನೌಕರಿ ಒಪ್ಪಿಕೊಂಡಿದ್ದ. ಅರ್ಧಕ್ಕೆ ಬಿಟ್ಟುಹೋಗಲು ಮನಸ್ಸಾಗದೆ ಸಲಿಕೆ ಹಿಡಿದು ರಾಶಿ ಮಗುಚತೊಡಗಿದ. ಅಂಬಾ ಖಾಲಿ ಕೊಡ ಹೊತ್ತು ಬಾವಿಯ ಹತ್ತಿರ ನಿಂತಳು. ನೀರು ಸೇದಲಿಲ್ಲ.

ಸಲಿಕೆ ನಿಂತಿತು. ಅವನು ಬಗ್ಗಿ ರಾಶಿಯ ನಡುವಿನಿಂದ ಒಂದು ಮುಷ್ಟಿ ಎಲೆ ಎತ್ತಿದ. ಅರೆಬೆಂದಿದ್ದವು, ಆದರೂ ಗುರುತು ಹತ್ತುತ್ತಿತ್ತು.

"ಇವು ಬನ್ನಿ ಎಲಿ," ಅಂದ ಮೆಲ್ಲಗೆ. "ರಾಶಿ ಕಟ್ಟಿದ್ದು ಶ್ರಾವಣದಾಗ. ದಸರಾದ ಬನ್ನಿ ಇದರ ಹೊಟ್ಟ್ಯಾಗ ಹ್ಯಾಂಗ ಬಂತು?"

ಅಂಬಾ ಕೊಡದ ಕಂಠವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಂಬಾ." ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. "ಯಾರು ಹಾಕಿದ್ರು?"

"ನಾನ. ದಿನಾ ಹಾಕತಿದ್ದೆ. ತಣ್ಣಗಾದ್ರ ಬರಂಗಿಲ್ಲ ಅಂದಿದ್ರಲ್ಲ. ನೀವು ಬರಬೇಕಾಗಿತ್ತು ನನಗ. ಅಷ್ಟ."

ಅವನು ನಕ್ಕ. ನಗುತ್ತ ನಗುತ್ತಲೇ ರಾಶಿಯ ಪಕ್ಕ ಕುಸಿದು ಕೂತು, ಮಣ್ಣಾದ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದುದು ನಗುವಿಗಲ್ಲವೆಂದು ಅಂಬಾಳಿಗೆ ತಡವಾಗಿ ಗೊತ್ತಾಯಿತು.

"ತಣ್ಣಗಾಗಲಿ ಅಂತ ನಾನು ದಿನಾ ಬೇಡಕೋತಿದ್ದೆ. ದೀಪಾವಳಿಗೆ ಗೊಬ್ಬರ ಆದ್ರ, ಕೇಳಿದ್ದು ಕೊಡತೀನಿ ಅಂದಿದ್ರು ನಿಮ್ಮಪ್ಪಾರು. ನಾ ನಿಮ್ಮನ್ನ ಕೇಳಾಂವಿದ್ದೆ."

ಕೊಡ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಅಂಬಾ ಅದನ್ನು ನೋಡಲೂ ಇಲ್ಲ. ನೇರವಾಗಿ ಪಡಸಾಲೆಗೆ ಹೋಗಿ, ತಂದೆಯ ಕಾಲಬಳಿ ಕೂತು ಎಲ್ಲ ಹೇಳಿದಳು. ಎಲೆ, ದಂಟು, ಬನ್ನಿ, ಒಂದನ್ನೂ ಬಿಡಲಿಲ್ಲ. ಅಷ್ಟು ಧೈರ್ಯ ಅವಳಲ್ಲಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ರಾಮಲಿಂಗಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರು.

"ಹಬ್ಬಕ್ಕಿಂತ ಮೊದಲ ಹೇಳಿದ್ರ ಅವಗ ಕೊಟ್ಟ ಮಾತು ಉಳಸ್ತಿದ್ದೆ, ತಂಗಿ. ಖರೇನ ಕೊಡತಿದ್ದೆ. ಈಗ ಅವರಿಗೆ ಕೊಟ್ಟೀನಿ. ನಿನ್ನ ಉಡಿ ತುಂಬಿ ಹೋಗ್ಯಾರ." ಕಣ್ಣೊರೆಸಿಕೊಂಡರು. "ನನ್ನ ಬಾಯಿಗೆ ಬೆಂಕಿ ಬೀಳಲಿ. ಆದ್ರ ಮಾತು ಕೊಟ್ಟೀನವ್ವ."

ನೀರು ಬೆರೆಸಿದ ಹಾಲನ್ನು ವರ್ಷವಿಡೀ ಕುಡಿದ ಮನುಷ್ಯ. ಅವರನ್ನು ಬಯ್ಯಲು ಅಂಬಾಳಿಗೆ ಆಗಲಿಲ್ಲ.

ಅವಳು ಹಿತ್ತಲಿಗೆ ಬಂದಾಗ ಶಿವಪುತ್ರಪ್ಪ ರಾಶಿಯನ್ನು ಮತ್ತೆ ಒಟ್ಟಿ, ಸರಳು ಚುಚ್ಚಿ ಮುಗಿಸಿದ್ದ. ಅವಳ ಮುಖ ನೋಡಿಯೇ ಉತ್ತರ ತಿಳಿದುಕೊಂಡ. ಬಿದ್ದ ಕೊಡ ಎತ್ತಿಕೊಂಡು ಬಾವಿಗೆ ಹೋಗಿ, ನೀರು ಸೇದಿ ತಂದು ಅವಳ ಸೊಂಟದ ಮೇಲೆ ಇಟ್ಟ. ಈ ಸಲ ಒಂದು ಹನಿಯೂ ತುಳುಕಲಿಲ್ಲ.

"ಇನ್ನ ಹಸಿ ಏನೂ ಹಾಕಬ್ಯಾಡ್ರಿ," ಅಂದ. "ಅದರಷ್ಟಕ್ಕ ಬಿಡ್ರಿ. ಛಲೋ ಗೊಬ್ಬರ ಆಗತದ."

"ಹೂಂ" ಅಂದಳು. ಅವನು ಗೇಟು ದಾಟಿ ಸ್ವಾರಗೇಟದ ಕಡೆ ತಿರುಗುವ ತನಕ ಕೊಡ ಹೊತ್ತೇ ನಿಂತಿದ್ದಳು. ಅವನು ಒಮ್ಮೆ ತಿರುಗಿ ನೋಡಿದ. ಟೋಪಿ ಮತ್ತೆ ಕಿವಿಗೆ ಜಾರಿತ್ತು.

ಅಂಬಾ ಮುಂದೆ ಏನೂ ಹಾಕಲಿಲ್ಲ. ಮನೆಯಲ್ಲಿ ಸೊಪ್ಪಿನ ಅಡುಗೆ ನಿಂತಿತು. ಇಂದೇಕೆ ಪಲ್ಯ ಇಲ್ಲವೆಂದು ಯಾರೂ ಕೇಳಲಿಲ್ಲ.

ಮದುವೆಯ ವಾರ, ಮಾಘದ ಚಳಿಯ ಮಧ್ಯಾಹ್ನ, ಬಳೆ ತೊಡಿಸಲು ರಂಗೂಬಾಯಿ ಬಂದು ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಳು. ಅಂಬಾ ಯಾರಿಗೂ ಹೇಳದೆ ಹಿತ್ತಲಿಗೆ ಬಂದಳು. ರಾಶಿ ಕುಗ್ಗಿ ಮೊಣಕಾಲೆತ್ತರಕ್ಕೆ ಇಳಿದಿತ್ತು. ಕೈ ಹಾಕಿದರೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆ. ಒಂದು ಎಲೆಯ ಗುರುತೂ ಉಳಿದಿರಲಿಲ್ಲ. ಸರಳನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು.

"ಮಾಸ್ತರ್," ಅಂದಳು, ಅಲ್ಲಿ ಯಾರೂ ಇರಲಿಲ್ಲ. "ತಣ್ಣಗಾತು. ಬರ್ರಿ, ಬಂದು ಕೇಳ್ರಿ."

ಒಳಗಿನಿಂದ ಅಜ್ಜಿ ಕರೆದಳು. ಅಂಬಾ ಸರಳನ್ನು ಇದ್ದಲ್ಲೇ ಚುಚ್ಚಿ, ಒಳಗೆ ಹೋಗಿ ಕೈಚಾಚಿ ಕೂತಳು.

"ಕಿತಿ ಗಾರ ಹಾತ ಗಂ, ಪೋರಿ!" ಇಷ್ಟು ತಣ್ಣಗಿನ ಕೈಯೇ ಎಂದು ರಂಗೂಬಾಯಿ ಅವನ್ನು ತನ್ನ ಅಂಗೈಗಳ ನಡುವೆ ಹಿಡಿದು ಗಸಗಸ ತಿಕ್ಕಿದಳು. ಕೈ ಬೆಚ್ಚಗಾಗಲಿಲ್ಲ. ಸಾಕೆನಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸತೊಡಗಿದಳು. ಉಗುರಿನ ಸಂದಿಯ ಕರಿ ಮಣ್ಣನ್ನು ಅಂಬಾ ತೊಳೆದುಕೊಂಡಿರಲಿಲ್ಲ.