ಸುಣ್ಣ ಬಳಿದ ಗೋಡೆ

ಉಸಿರುಸಾಕ್ಷಿ ಯಂತ್ರ ಗೋಡೆಯನ್ನು ಮೂರು ಸಲ ಮೂಸಿತು. ಆನೆಮರಿಯ ಸೊಂಡಿಲಿನಂಥ ಅದರ ಕೊಳವೆ ಮೂಲೆಮೂಲೆಗೂ ಹರಿದಾಡಿತು. ಕೊನೆಗೆ ಹಸಿರು ದೀಪ ಹೊತ್ತಿಸಿಕೊಂಡು ಹೇಳಿತು: “ಗೋಡೆ ಶುದ್ಧವಾಗಿದೆ.”

ಆಗಲೇ ಯಂತ್ರಕ್ಕೆ ತನ್ನ ಉಸಿರು ಊದಿಕೊಟ್ಟು, ರೊಟ್ಟಿ ಬಡಿಯುವ ಕಲ್ಲಿನ ಪಕ್ಕ ಕುಸಿದು ಕುಳಿತಿದ್ದ ತಿಪ್ಪವ್ವನಿಗೆ ಕೆಮ್ಮು ಬಂತು. ಗದಗಿನ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಹುಬ್ಬಳ್ಳಿಗೆ ಹಾರಿಹೋಗಬೇಕು, ಅಂಥ ಕೆಮ್ಮು.

ಆ ಕಾಲಕ್ಕೆ ಬಾಡಿಗೆಮನೆಯ ಬೂಷ್ಟಿಗೂ ಒಂದು ಕಾನೂನು ಬಂದಿತ್ತು. ಒದ್ದೆ ಗೋಡೆಯ ಕರಿ ಬೂಷ್ಟು ಕಣ್ಣಿಗೆ ಕಾಣದ ಬೀಜಧೂಳನ್ನು ಗಾಳಿಗೆ ಬಿಡುತ್ತದೆ. ಅದು ಎದೆಗಿಳಿದರೆ ಮೊದಲು ಸೀನು, ಆಮೇಲೆ ಕೆಮ್ಮು. ವರ್ಷಗಳು ಉರುಳಿದರೆ ಕೆಲವರ ಪುಪ್ಪುಸ ಒಣಗಿದ ಸೋರೆಬುರುಡೆಯಂತಾಗುತ್ತದೆ. ಯಂತ್ರ ಗೋಡೆಯ ಧೂಳನ್ನೂ ರೋಗಿಯ ಉಸಿರನ್ನೂ ಓದಿ, ಎರಡರ ತಳಿ ಒಂದೇ ಆಗಿದ್ದರೆ ಬಾಡಿಗೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುತ್ತಿತ್ತು. ಆಗ ಮಾಲೀಕ ಗೋಡೆ ಕೆಡವಿ ಕಟ್ಟಿಸಬೇಕು, ಔಷಧೋಪಚಾರ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ರೋಗಿಗೆ ಸರ್ಕಾರದ ‘ಒಣಮನೆ’ಯಲ್ಲಿ ಜಾಗ. ಇನ್ನೊಂದು ವರ್ಷ ಈ ಕೋಣೆಯಲ್ಲೇ ಮಲಗಿದರೆ ರೊಟ್ಟಿ ಬಡಿಯಲು ಉಸಿರೇ ಉಳಿಯುವುದಿಲ್ಲ ಎಂದು ಡಾಕ್ಟರು ತಿಪ್ಪವ್ವನಿಗೆ ಹೇಳಿಯಾಗಿತ್ತು.

ಪರೀಕ್ಷಕಿ ಮೆಹಜಬೀನ್ ಗೋಡೆಗೆ ಬೆರಳು ತಾಗಿಸಿದಳು. ಬೆರಳೆಲ್ಲ ಬೆಳ್ಳಗಾಯಿತು.

“ಅವ್ವಾರ, ನಾಕ್ ವರ್ಷದ ಬೂಷ್ಟು ಎಲ್ಲಿ ಹೋತ್ರಿ?”

“ತಿಕ್ಕಿ ತಗದು ಸುಣ್ಣಾ ಬಳದೆ. ಮೂರು ದಿನಾ ಹಿಡೀತು.”

“ಗ್ವಾಡಿ ಮುಟ್ಟಬ್ಯಾಡ್ರಿ ಅಂತ ನೋಟೀಸ ಕೊಟ್ಟಿದ್ವೆಲ್ರಿ!”

“ಕೊಟ್ಟಿದ್ರಿ ತಾಯಿ. ಆದ್ರ ಕೋರ್ಟಿನ ಮಂದಿ ಮನಿಗೆ ಬರ್ತಾರಂದ್ರ ಕರಿ ಗ್ವಾಡಿ ಇಟಗೊಂಡ ಕುಂಡ್ರಲೇನು? ಎಂಥಾ ಹೊಲಸ ಹೆಂಗಸು ಅಂದೀರಿ. ನಮ್ಮತ್ತಿ ಸ್ವರ್ಗದಾಗಿಂದ ಕಸಬರಗಿ ಒಗದಾಳು.”

ಮೆಹಜಬೀನ್ ಹಣೆಗೆ ಕೈ ಹಚ್ಚಿದಳು. “ಈ ತಿಂಗಳ ಇದು ಏಳನೇ ಮನಿರಿ. ಯಂತ್ರ ಬರತೈತಿ ಅಂದ ಕೂಡ್ಲೆ ಎಲ್ಲಾರೂ ಸುಣ್ಣದ ಬಕೀಟ ಹಿಡೀತಾರ. ಇದನ್ನ ಕಂಡಹಿಡದ ದೊಡ್ಡ ವಿಜ್ಞಾನಿಗೋಳಿಗೆ ಇದೊಂದ ಗೊತ್ತಾಗಲಿಲ್ಲ.”

“ಬ್ಯಾರೆ ದಾರಿ ಇಲ್ಲೇನ ಹಂಗಾರ?”

“ಗ್ವಾಡಿ ಒಡದು ಒಳಗ ನೋಡಾಕ ಮಾಲಕರ ಒಪ್ಪಿಗಿ ಬೇಕು. ಇಲ್ಲಾಂದ್ರ ನಿಮ್ಮ ಸಂಬಂಧಿಕರಲ್ಲದ ಇನ್ನೊಬ್ರು, ಇದ ಸೂರಿನ ಕೆಳಗ ಇರೋರು, ಊದಬೇಕು. ಇಬ್ಬರ ಎದಿಯಾಗೂ ಒಂದ ತಳಿ ಸಿಕ್ಕರ ಕೋರ್ಟು ಒಪ್ಪತೈತಿ.”

ತಿಪ್ಪವ್ವ ಕೈಚೆಲ್ಲಿದಳು. ಈ ಸೂರಿನ ಕೆಳಗೆ ಇನ್ನೊಬ್ಬರೆಂದರೆ ಮಾಲೀಕ ಈರಸಂಗಪ್ಪ ಒಬ್ಬರೇ. ಗೋಡೆಯ ಆಚೆ ಬದಿಯೇ ಅವರ ಮಲಗುವ ಕೋಣೆ. ಬಾಗಿಲಲ್ಲಿ ಅವರ ನೆರಳು ಬಿದ್ದೂ ಬಿಟ್ಟಿತು.

“ಏನ್ ತಿಪ್ಪವ್ವಾ, ಡಬ್ಬಿ ಏನಂತು?”

“ಗ್ವಾಡಿ ನಿಮ್ಮ ಮನಸಿನಷ್ಟ ಸ್ವಚ್ಛ ಐತಂತ್ರಿ.”

ಈರಸಂಗಪ್ಪ ನಕ್ಕರು. ನಗು ಅರ್ಧ ದಾರಿಯಲ್ಲೇ ಕೆಮ್ಮಾಯಿತು. ಚೌಕಟ್ಟು ಹಿಡಿದು ನಿಂತು ಸುಧಾರಿಸಿಕೊಂಡರು. “ಇದು ನಿನ್ನ ಒಲೀ ಹೊಗಿ. ಮಂದೀನ ಹೆದರಸಾಕ ಮಾಡಿದ್ದು ಈ ಡಬ್ಬಿ, ಯಾರು ಊದಿದ್ರೂ ಬೂಷ್ಟು ಅಂತೈತಿ. ಕೊಡ್ರಿ ಇಲ್ಲೆ, ಊದಿ ತೋರಸ್ತೀನಿ.”

“ಊದಿದ್ರ ದಾಖಲ ಆಗತೈತ್ರಿ. ಆಮ್ಯಾಲ ಅಳಸಾಕ ಬರಂಗಿಲ್ಲ,” ಮೆಹಜಬೀನ್ ಎಚ್ಚರಿಸಿದಳು.

“ಆಗ್ಲಿ. ಗರಡಿ ಮನ್ಯಾಗ ಬೆಳದ ಎದಿ ಇದು.”

ಊದಿದರು. ಯಂತ್ರ ಬಹಳ ಹೊತ್ತು ಗುನುಗಿತು. ಹಸಿರು ದೀಪ ಆರಿ ಕೆಂಪು ಹೊತ್ತಿತು.

“ಎರಡೂ ಉಸಿರಿನಲ್ಲಿ ಒಂದೇ ತಳಿ. ತಿಪ್ಪವ್ವ, ನಾಲ್ಕು ವರ್ಷ. ಈರಸಂಗಪ್ಪ, ಇಪ್ಪತ್ತಾರು ವರ್ಷ.”

ಗೆದ್ದಾಗ ಊರಿಗೆಲ್ಲ ಕೇಳುವಂತೆ ನಗಬೇಕೆಂದು ತಿಪ್ಪವ್ವ ನಾಲ್ಕು ವರ್ಷದಿಂದ ಒಂದು ನಗು ಕೂಡಿಟ್ಟಿದ್ದಳು. ಅದು ಹೊರಬರಲಿಲ್ಲ. ಈರಸಂಗಪ್ಪ ಗೋಡೆಯನ್ನೇ ನೋಡುತ್ತಿದ್ದರು.

ಆ ಸಂಜೆಯೇ ಇಬ್ಬರನ್ನೂ ಒಣಮನೆಗೆ ಸಾಗಿಸಿದರು. ಕಾನೂನಿಗೆ ಮಾಲೀಕನೂ ಒಂದೇ, ಬಾಡಿಗೆಯವಳೂ ಒಂದೇ. ಎದೆಗೆ ಬೂಷ್ಟು ಹೊಕ್ಕವರು, ಆ ಗೋಡೆ ಬೀಳುವವರೆಗೆ, ಆ ಮನೆಗೆ ಹೋಗುವಂತಿಲ್ಲ. ಊಟದ ಪಡಸಾಲೆಯಲ್ಲಿ ಈರಸಂಗಪ್ಪನವರ ಮುಂದೆ ಒಂದು ಅರ್ಜಿ ಇತ್ತು. ಅವರೂ ರೋಗಿಯೇ ಆದ್ದರಿಂದ ದೂರು ಕೊಡುವ ಹಕ್ಕು ಅವರಿಗೂ ಇತ್ತು. ‘ಯಾರ ಮೇಲೆ’ ಎಂಬಲ್ಲಿ ಪೆನ್ನು ನಿಂತಿತ್ತು.

“ಗಂಗಮ್ಮ ಆ ಗ್ವಾಡಿ ಮಗ್ಗಲಕ್ಕ ಮಲಗತಿದ್ಲು,” ಎಂದರು ಮೆಲ್ಲಗೆ. ತೀರಿಹೋದ ಹೆಂಡತಿಯ ಹೆಸರು ಅವರ ಬಾಯಲ್ಲಿ ತಿಪ್ಪವ್ವ ಕೇಳಿದ್ದು ಅದೇ ಮೊದಲು. “ದಮ್ಮು ಅಂದ್ರು ಎಲ್ಲಾರೂ. ನಾನೂ ಅಂದೆ. ಹಬ್ಬಕ್ಕೊಮ್ಮೆ ತಿಕ್ಕಿ ತಿಕ್ಕಿ ಸುಣ್ಣಾ ಬಳೀತಿದ್ಲು. ಬಂದೋರೆಲ್ಲ, ಗ್ವಾಡಿ ಎಷ್ಟ ಬೆಳ್ಳಗೈತಿ ನೋಡ್ರಿ ಅಂತಿದ್ರು. ನನಗ ಹೆಮ್ಮಿ ಅನಸ್ತಿತ್ತು.”

ತಿಪ್ಪವ್ವ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು.

ಅವರು ‘ಯಾರ ಮೇಲೆ’ ಎಂಬಲ್ಲಿ ತಮ್ಮ ಹೆಸರನ್ನೇ ಬರೆದರು.

ತಿಪ್ಪವ್ವ ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ಬಿಚ್ಚಿ ಅವರತ್ತ ಸರಿಸಿದಳು.

“ಮೊದಲ ಉಣ್ರಿ,” ಎಂದಳು. “ಎರಡ ತುತ್ತು ಹೊಟ್ಟಿಗೆ ಬೀಳಲಿ. ಆಮ್ಯಾಲ ಇಬ್ಬರೂ ಕೂಡೆ ಕೆಮ್ಮೂಣಂತ.”